ಬಾಟಲಿಯ ತಳ

ಸಾಲಗಾಮೆ ರಸ್ತೆಯಾಚೆ, ನೀರಿನ ಟ್ಯಾಂಕಿನ ಬಗಲಲ್ಲಿ,
ಪಾರ್ಕಿಗೆಂದು ಬಿಟ್ಟು ಪಾರ್ಕಾಗದೆ ಉಳಿದ ಜಾಗ.
ಬಡಾವಣೆಯವರೆಲ್ಲ ಸೇರಿ ಅಲ್ಲಿ ಸೊಪ್ಪು ಬೆಳೆಯುತ್ತಾರೆ.
ಮೊಮ್ಮಗಳು ಕೈ ಜಗ್ಗಿದಳು:
ಬಾ ತಾತ, ಇವತ್ತು ಮಣ್ಣಿನ ಪಾಠ.

ಮಣ್ಣಿನ ಪಾಠ. ನನಗೆ.
ನಲವತ್ತು ವರ್ಷ ಪಾಯ ತೆಗೆಸಿದ ಮೇಸ್ತ್ರಿಗೆ!
ಆದರೂ ಹೋದೆ, ಮಂಡಿಗೆ ಮುಲಾಮು ತಿಕ್ಕಿಕೊಂಡು.

ಹೇಳಿಕೊಡಲು ಬಂದವಳು ತಸ್ಲೀಮಾ,
ಕೃಷಿ ಕಾಲೇಜಿನ ಕೊನೇ ವರ್ಷದ ಹುಡುಗಿ.
ಚೀಲದ ತುಂಬ ಹಾರ್ಲಿಕ್ಸ್ ಬಾಟಲಿ, ಬಾಟಲಿಗೊಂದು ಊರು.
ಅರಸೀಕೆರೆ ಕಡೆಯ ಎರೆ:
ಒಣಗಿದರೆ ನನ್ನ ಹಿಮ್ಮಡಿ, ನೆನೆದರೆ ಚಪ್ಪಲಿ ಬಿಡದ ಸಾಲಗಾರ.
ಸಕಲೇಶಪುರದ ಕಾಡಂಚಿನದು ಮೂಗಿಗೆ ಹಿಡಿದರೆ
ಆರದೆ ಮಡಿಸಿಟ್ಟ ಕಂಬಳಿ.
ಹೊಳೆನರಸೀಪುರದ ಮೆಕ್ಕಲು ಹೇಮಾವತಿ ಬೀಸಿಕೊಟ್ಟ ರಾಗಿಹಿಟ್ಟು,
ಬೆರಳ ಸಂದಿಯಿಂದ ಇಳಿದದ್ದೇ ತಿಳಿಯಲಿಲ್ಲ.
ಇಷ್ಟೊಂದು ಬಗೆಯೇ, ಅಂದುಕೊಂಡೆ.
ನನ್ನ ಲೆಕ್ಕದಲ್ಲಿ ಮಣ್ಣು ಎರಡೇ ಜಾತಿ:
ಭಾರ ಹೊರುವುದು, ಹೊರದೇ ಇರುವುದು.

ಚೂರು ನೀರು ಚಿಮುಕಿಸಿ, ಉಂಡೆ ಮಾಡಿ,
ಹೆಬ್ಬೆರಳಲ್ಲಿ ಒತ್ತಿ ಒತ್ತಿ ನಾಲಿಗೆ ಎಳೆಯಿರಿ ಎಂದಳು.
ಎಷ್ಟುದ್ದ ಬಂದರೆ ಅಷ್ಟು ಜೇಡಿ.
ಬ್ಯಾಂಕಿನವರದು ಅರ್ಧ ಇಂಚಿಗೆ ತುಂಡಾಯಿತು,
ಸುಗುಣಾಂಬ ಟೀಚರದು ಒಂದಕ್ಕೆ.
ನನ್ನದು ಮೂರು ಇಂಚು ಇಳಿದು ಮಣಿಕಟ್ಟು ಮುಟ್ಟಿತು.
ತಾತ ಫಸ್ಟು, ಎಂದು ಕುಣಿದಳು ಮೊಮ್ಮಗಳು.
ಸುಳ್ಳೇಕೆ, ಎದೆ ಸ್ವಲ್ಪ ಉಬ್ಬಿತು.

ಈಗ ಇಲ್ಲಿಯದೇ ನೋಡೋಣ ಎಂದು
ಬದನೆ ಪಾತಿಯ ಪಕ್ಕ ಒಂದು ಗೇಣು ಅಗೆದು,
ಅರ್ಧ ಬಾಟಲಿ ಮಣ್ಣು, ಕತ್ತಿನವರೆಗೆ ನೀರು, ಚಿಟಿಕೆ ಸೋಪಿನ ಪುಡಿ.
ಕುಲುಕಿ ಕಲ್ಲಿನ ಮೇಲಿಟ್ಟಳು.
ಮೊದಲು ಮರಳು ಕೂರತ್ತೆ, ನಿಮಿಷದಲ್ಲಿ.
ಆಮೇಲೆ ಗೋಡು.
ಜೇಡಿಗೆ ಮಾತ್ರ ಅವಸರ ಇಲ್ಲ.

ಮರಳಿಗೂ ಮೊದಲೇ ಏನೋ ಟಣ್ ಅಂತು.
ಇಟ್ಟಿಗೆಯ ಹರಳು, ಸಿಮೆಂಟಿನ ಗಂಟು,
ತಿಳಿಹಸಿರು ಮೊಸಾಯಿಕ್ಕಿನದೊಂದು ಚಕ್ಕೆ.
ಈ ಪದರಕ್ಕೆ ಏನಂತಾರೆ ಅಕ್ಕಾ?
ತಸ್ಲೀಮಾ ನಕ್ಕಳು: ಇದು ನಮ್ಮ ಪುಸ್ತಕದಲ್ಲಿಲ್ಲ ಪುಟ್ಟಿ.

ನನ್ನಲ್ಲಿತ್ತು.
ಮೂರನೇ ಕ್ರಾಸು, ಪೋಸ್ಟ್‌ಮಾಸ್ಟರ್ ನಿಂಗರಾಜಪ್ಪನವರ ವರಾಂಡ.
ಸೊಸೆಗೆ ಆ ಹಸಿರು ಒಗ್ಗಲಿಲ್ಲವೆಂದು ಒಡೆಸಿದ್ದು.
ಟ್ರ್ಯಾಕ್ಟರಿನವ ಕೇಳಿದ್ದ: ಎಲ್ಲಿ ಸುರೀಲಿ ಮೇಸ್ತ್ರಿ?
ಬೀಡಿ ಹಿಡಿದ ಕೈಯಲ್ಲೇ ಈ ಕಡೆ ತೋರಿಸಿದ್ದೆ.
ಖಾಲಿ ಜಾಗ ತಾನೇ.

ಅದಕ್ಕೂ ಮೊದಲು ಇದು ಯಾರದೋ ರಾಗಿ ಹೊಲ.
ಸೈಟಿಗೆ ಸೈಟು ಮೇಲಿನ ಒಂದಡಿ, ಎರೆಹುಳ ಮಿಸುಕುವ ಕೆಂಪು,
ಕೆಟ್ಟ ಮಣ್ಣು, ಎತ್ತಿ ಹಾಕ್ರೋ, ಎನ್ನುತ್ತಿದ್ದೆ.
ಗಟ್ಟಿ ಸಿಗುವವರೆಗೆ ನನಗೆ ಸಮಾಧಾನವಿರಲಿಲ್ಲ.
ಎತ್ತಿದ್ದು ಎಲ್ಲಿ ಹೋಯಿತೋ ಕೇಳಲೂ ಇಲ್ಲ.

ಅಲ್ಲಿ ಏನೂ ಹೇಳಲಿಲ್ಲ.
ಬಿಸಿಲೇರಿತು, ಎಲ್ಲರೂ ಕೈ ತೊಳೆದರು,
ಸುಗುಣಾಂಬ ಟೀಚರು ನನಗೊಂದು ಕಟ್ಟು ದಂಟು ಕೊಟ್ಟರು.
ಬೇಡವೆನ್ನಲೂ ಬಾಯಿ ಬರಲಿಲ್ಲ.

ಮುಂದಿನ ಭಾನುವಾರ ಅಟ್ಟದಿಂದ ಜರಡಿ ಇಳಿಸಿದೆ,
ಮರಳು ಸೋಸುತ್ತಿದ್ದ ಹಳೆಯದು, ಒಂದು ಕಾಲು ಮುರಿದದ್ದು.
ಗೋಡೆಗೆ ಒರಗಿಸಿ, ಪಾತಿಗೆ ಪಾತಿ ಎರಚುತ್ತಿದ್ದೇನೆ.
ಆಚೆ ನುಣುಪು ಬೀಳುತ್ತದೆ, ಈಚೆ ನನ್ನ ಕಸುಬು.
ರಾಶಿ ಕೆದಕಿದ ಮೊಮ್ಮಗಳು ಹಸಿರು ಚಕ್ಕೆಯೊಂದನ್ನು ಆರಿಸಿ
ಕುಂಟೆಬಿಲ್ಲೆಗೆ ಸರಿಯಾಗಿದೆ ಎಂದು ಓಡಿದಳು.

ಆ ಬಾಟಲಿ ಈಗ ನಮ್ಮ ಅಡುಗೆಮನೆ ಕಿಟಕಿಯಲ್ಲಿದೆ.
ಎಂಟು ದಿನವಾಯಿತು.
ಮೇಲಿನ ನೀರು ಇನ್ನೂ ತಿಳಿಯಾಗಿಲ್ಲ.